ಯಂತ್ರ ಪಾತಾಳದಲ್ಲಿ, ಓಡಿಸುವವರು ಮೇಲೆ: ಸಿಗ್ನಲ್ ಹೋದರೆ ಏನು ಗತಿ?

ಪ್ರಶ್ನೆ: ನನ್ನ ಅಣ್ಣ ಹನ್ನೊಂದು ವರ್ಷದಿಂದ ಭೂಗತ ಗಣಿಯಲ್ಲಿ ಲೋಡರ್, ಅಂದರೆ ಬಕೆಟ್ಟಿನಲ್ಲಿ ಅದಿರು ಬಾಚಿ ಸಾಗಿಸುವ ಯಂತ್ರ, ಓಡಿಸುತ್ತಿದ್ದಾನೆ. ಇನ್ನು ಮುಂದೆ ಯಂತ್ರದ ಮೇಲೆ ಕೂರೋದು ಬೇಡ, ಮೇಲೆ ಕಂಟ್ರೋಲ್ ರೂಮಿನಲ್ಲಿ ಸ್ಕ್ರೀನ್ ನೋಡಿಕೊಂಡು ಓಡಿಸಬೇಕು ಅಂತ ಹೇಳಿದ್ದಾರಂತೆ. ಅವನಿಗೆ ಖುಷಿಗಿಂತ ಅನುಮಾನವೇ ಜಾಸ್ತಿ. ಇದು ನಿಜಕ್ಕೂ ಹೇಗೆ ನಡೆಯುತ್ತದೆ? ಮಧ್ಯದಲ್ಲಿ ಸಿಗ್ನಲ್ ಹೋದರೆ ಯಂತ್ರ ಏನು ಮಾಡುತ್ತದೆ? ಹೀಗೇ ಆದರೆ ಗಣಿಗೆ ಮನುಷ್ಯರು ಇಳಿಯೋದೇ ನಿಂತುಹೋಗುತ್ತಾ?

ಉತ್ತರ: ಸಿಗ್ನಲ್ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಅದನ್ನೇ.

ಸಿಗ್ನಲ್ ಹೋದರೆ ಯಂತ್ರ ನಿಲ್ಲುತ್ತದೆ. ಕಂಟ್ರೋಲ್ ರೂಮಿನ ಕಂಪ್ಯೂಟರು ಮತ್ತು ಯಂತ್ರದ ಮೇಲಿನ ಕಂಪ್ಯೂಟರು ಸೆಕೆಂಡಿಗೆ ಹಲವು ಸಲ ಒಂದನ್ನೊಂದು ಕೂಗಿ ಕೇಳುತ್ತಲೇ ಇರುತ್ತವೆ. 'ಇದ್ದೀಯಾ?' 'ಇದ್ದೇನೆ.' ಒಂದಿಷ್ಟು ಹೊತ್ತು ಉತ್ತರ ಬರಲಿಲ್ಲ ಅಂದರೆ, ಅದೂ ಸೆಕೆಂಡಿನ ಒಂದು ಪಾಲಿನಷ್ಟು ಹೊತ್ತು, ಯಂತ್ರ ತಾನಾಗಿಯೇ ಬ್ರೇಕ್ ಹಾಕಿಕೊಳ್ಳುತ್ತದೆ. ಇಲ್ಲಿ ಬ್ರೇಕಿನ ಜಾಣತನವನ್ನು ಗಮನಿಸಬೇಕು. ಕಾರಿನಲ್ಲಿ ನಾವು ಕಾಲು ಒತ್ತಿದರೆ ಬ್ರೇಕ್ ಹಿಡಿಯುತ್ತದೆ. ಗಣಿಯ ಲೋಡರಿನಲ್ಲಿ ಇದು ಉಲ್ಟಾ. ಗಟ್ಟಿ ಸ್ಪ್ರಿಂಗುಗಳು ಬ್ರೇಕನ್ನು ಯಾವಾಗಲೂ ಹಿಡಿದೇ ಇರುತ್ತವೆ. ಆಯಿಲ್ ಪ್ರೆಷರ್ ಬಂದು ಆ ಸ್ಪ್ರಿಂಗುಗಳನ್ನು ಹಿಂದಕ್ಕೆ ತಳ್ಳಿದಾಗ ಮಾತ್ರ ಚಕ್ರ ತಿರುಗುತ್ತದೆ. ಪೈಪ್ ಒಡೆದರೂ, ಕರೆಂಟ್ ಹೋದರೂ, ಇಂಜಿನ್ ಆಫ್ ಆದರೂ, ಸಿಗ್ನಲ್ ಹೋದರೂ ಪ್ರೆಷರ್ ಇಳಿಯುತ್ತದೆ, ಸ್ಪ್ರಿಂಗ್ ಗೆಲ್ಲುತ್ತದೆ. ಏನೇ ಕೆಟ್ಟರೂ ಕೊನೆಗೆ ಆಗುವುದು ಒಂದೇ: ನಿಲ್ಲುವುದು. ಅಣ್ಣನಿಗೆ ಈ ಬ್ರೇಕಿನ ವಿಷಯ ಹೊಸದೇನಲ್ಲ, ಬಿಡಿ. ಅವರು ಈಗ ಓಡಿಸುವ ಯಂತ್ರದಲ್ಲೂ ಬಹುಶಃ ಅದೇ ಇರುತ್ತದೆ.

ಹಾಗಾಗಿ 'ನಿಲ್ಲುತ್ತಾ' ಅನ್ನೋದು ನನಗೆ ಅಷ್ಟು ದೊಡ್ಡ ಪ್ರಶ್ನೆ ಅನಿಸುವುದಿಲ್ಲ. ಎಲ್ಲಿ ನಿಂತಿತು, ಮತ್ತು ಅದನ್ನು ವಾಪಸ್ ತರಲು ಯಾರು ಹೋಗುತ್ತಾರೆ ಅನ್ನೋದು ದೊಡ್ಡ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಅದು ಅರ್ಥವಾಗಬೇಕಾದರೆ ಮನುಷ್ಯನನ್ನು ಯಂತ್ರದಿಂದ ಇಳಿಸಿದ್ದು ಯಾಕೆ ಅಂತ ಮೊದಲು ತಿಳಿಯಬೇಕು.

ಅದಿರು ತೆಗೆಯುವ ಒಂದು ಸಾಮಾನ್ಯ ವಿಧಾನ ಹೀಗಿದೆ. ನೆಲದೊಳಗೆ ಒಂದು ಎತ್ತರದ ಕಟ್ಟಡದಷ್ಟು ಅದಿರನ್ನು ಸಿಡಿಸಿ, ಕೆಳಗಿನ ಸುರಂಗದಿಂದ ಅದನ್ನು ಬಕೆಟ್ಟಿನಲ್ಲಿ ಬಾಚಿ ತರುತ್ತಾರೆ. ಆ ಖಾಲಿಯಾಗುವ ಜಾಗಕ್ಕೆ ಸ್ಟೋಪ್ ಅಂತಾರೆ. ಮೊದಮೊದಲು ಅದಿರು ಸುರಂಗದ ಬಾಯಿಗೇ ಜಾರಿ ಬರುತ್ತದೆ, ಡ್ರೈವರ್ ಸುರಕ್ಷಿತ ಚಾವಣಿಯ ಕೆಳಗೇ ಕೂತು ತುಂಬಿಕೊಳ್ಳಬಹುದು. ಕೊನೆ ಕೊನೆಗೆ ಉಳಿದ ರಾಶಿ ಒಳಗೆಲ್ಲೋ ದೂರದಲ್ಲಿರುತ್ತದೆ. ಅದನ್ನು ತರಬೇಕಾದರೆ ಯಂತ್ರ ಸ್ಟೋಪಿನ ಒಳಕ್ಕೇ ಹೋಗಬೇಕು. ಅಲ್ಲಿ ಮೇಲೆ ಬೋಲ್ಟ್ ಹೊಡೆದ ಚಾವಣಿ ಇಲ್ಲ, ಬಲೆ ಇಲ್ಲ. ಎಷ್ಟೋ ಮೀಟರ್ ಮೇಲಿನ ಬರಿ ಬಂಡೆ, ಅದೂ ಸಿಡಿಮದ್ದಿನಿಂದ ಬಿರುಕು ಬಿಟ್ಟಿದ್ದು. ಅಲ್ಲಿಗೆ ಮನುಷ್ಯನನ್ನು ಕಳಿಸುವಂತಿಲ್ಲ. ಅದಿರನ್ನು ಬಿಟ್ಟು ಬರಲೂ ಮನಸ್ಸಿಲ್ಲ. ರಿಮೋಟ್ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಮೊದಲು ಬಂದದ್ದು ಹೊಟ್ಟೆಗೆ ಕಟ್ಟಿಕೊಳ್ಳುವ ರಿಮೋಟ್ ಪೆಟ್ಟಿಗೆ. ಡ್ರೈವರ್ ಯಂತ್ರದಿಂದ ಇಳಿದು, ಸುರಂಗದ ಪಕ್ಕದಲ್ಲಿ ನಿಂತು, ಕಣ್ಣಳತೆಯಲ್ಲಿ ಯಂತ್ರವನ್ನು ಒಳಗೆ ಕಳಿಸಿ ತರಿಸುತ್ತಿದ್ದರು. ಚಾವಣಿ ಬೀಳುವ ಅಪಾಯ ತಪ್ಪಿತು ಅಂತ ಎಲ್ಲರಿಗೂ ಸಮಾಧಾನವಾಯಿತು. ಆದರೆ ಬೇರೆಯದೊಂದು ಅಪಾಯ ಬಂದು ಕೂತಿತು. ಮೊದಲು ಮನುಷ್ಯ ಕ್ಯಾಬಿನ್ ಒಳಗೆ, ಉಕ್ಕಿನ ಚೌಕಟ್ಟಿನ ನಡುವೆ ಇದ್ದ. ಈಗ ನಲವತ್ತು ಟನ್ ಯಂತ್ರದ ಪಕ್ಕದಲ್ಲಿ, ಇಕ್ಕಟ್ಟಾದ ಸುರಂಗದಲ್ಲಿ, ಬರಿ ಮೈಯಲ್ಲಿ ನಿಂತಿದ್ದಾನೆ. ತಪ್ಪಿ ಒಂದು ಲಿವರ್ ಜಾಸ್ತಿ ಎಳೆದರೆ ತಾನೇ ಓಡಿಸುವ ಯಂತ್ರ ತನ್ನನ್ನೇ ಗೋಡೆಗೆ ಒತ್ತುತ್ತದೆ.

ಕಲ್ಲಿದ್ದಲು ಗಣಿಗಳಲ್ಲಿ ಇದು ನಿಜವಾಗಿಯೂ ನಡೆಯಿತು, ಮತ್ತೆ ಮತ್ತೆ ನಡೆಯಿತು. ಕಂಟಿನ್ಯೂಯಸ್ ಮೈನರ್ ಅನ್ನುವ, ಹಲ್ಲಿನ ಉರುಳೆಯಿಂದ ಕಲ್ಲಿದ್ದಲನ್ನು ಕೊರೆಯುವ ಯಂತ್ರವನ್ನು ರಿಮೋಟಿನಲ್ಲಿ ಓಡಿಸುವವರು ಯಂತ್ರಕ್ಕೂ ಗೋಡೆಗೂ ನಡುವೆ ಸಿಕ್ಕಿ ಸತ್ತರು. ಅಮೆರಿಕದಲ್ಲಿ ಗಣಿ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ 2015ರ ಜನವರಿಯಲ್ಲಿ ಒಂದು ನಿಯಮ ತಂದಿತು. ಮನುಷ್ಯ ಹತ್ತಿರ ಬಂದರೆ ತಾನಾಗಿಯೇ ನಿಲ್ಲುವ ವ್ಯವಸ್ಥೆ ಈ ಯಂತ್ರಗಳಲ್ಲಿ ಇರಲೇಬೇಕು ಅಂತ. ಆಪರೇಟರ್ ಮೈಮೇಲೆ ಒಂದು ಪುಟ್ಟ ಸಾಧನ ಧರಿಸಿರುತ್ತಾರೆ. ಯಂತ್ರ ತನ್ನ ಸುತ್ತ ಒಂದು ಕಾಂತಕ್ಷೇತ್ರ ಹರಡಿಕೊಂಡಿರುತ್ತದೆ. ಆ ಗೆರೆಯೊಳಗೆ ಕಾಲಿಟ್ಟರೆ ಯಂತ್ರ ಗಪ್ ಅಂತ ನಿಲ್ಲುತ್ತದೆ.

ಈ ಕತೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. 'ರಿಮೋಟ್ ಬಂತು, ಇನ್ನು ಅಪಾಯ ಇಲ್ಲ' ಅಂತ ಯಾರಾದರೂ ಅಂದರೆ ನಾನು ತಕ್ಷಣ ಕೇಳುವುದು, ಹಾಗಾದರೆ ಅಪಾಯ ಈಗ ಎಲ್ಲಿಗೆ ಹೋಗಿ ಕೂತಿದೆ ಅಂತ. ಅದು ಒಂದು ಜಾಗ ಬಿಟ್ಟರೆ ಇನ್ನೊಂದು ಜಾಗ ಹುಡುಕಿಕೊಳ್ಳುತ್ತದೆ.

ಮುಂದಿನ ಹೆಜ್ಜೆ ನಿಮ್ಮ ಅಣ್ಣನಿಗೆ ಹೇಳಿರುವುದೇ. ಯಂತ್ರಕ್ಕೆ ಕ್ಯಾಮೆರಾ ಕಟ್ಟಿ, ಮನುಷ್ಯನನ್ನು ಪೂರ್ತಿ ದೂರ ಕೂರಿಸುವುದು. ಇದಕ್ಕೆ ಟೆಲಿರಿಮೋಟ್ ಅಂತಾರೆ. ಕೆನಡಾದ ಸಡ್‌ಬರಿಯಲ್ಲಿ ಇಂಕೋ ಕಂಪನಿ 1990ರ ದಶಕದಲ್ಲೇ ಭೂಗತ ಲೋಡರುಗಳನ್ನು ಮೇಲಿನಿಂದ ಓಡಿಸಿ ತೋರಿಸಿತ್ತು. ಸ್ವೀಡನ್ನಿನ ಕಿರುನಾ ಕಬ್ಬಿಣದ ಗಣಿಯಲ್ಲಿ 1365 ಮೀಟರ್ ಅಂತ ಗುರುತಿಸುವ ಮಟ್ಟದಲ್ಲಿ ಡ್ರೈವರ್ ಇಲ್ಲದ ರೈಲುಗಳು ಅದಿರು ಸಾಗಿಸುತ್ತವೆ. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ. ಅಣ್ಣ ಯಾರದೋ ಪ್ರಯೋಗದ ಇಲಿ ಆಗುತ್ತಿದ್ದೇನೆ ಅಂದುಕೊಂಡಿದ್ದರೆ ಅದನ್ನು ಮನಸ್ಸಿನಿಂದ ತೆಗೆಯಲಿ.

ಈಗ ಕುರ್ಚಿಯ ವಿಷಯ. ಎರಡು ಜಾಯ್‌ಸ್ಟಿಕ್, ಕಾಲ ಕೆಳಗೆ ಪೆಡಲ್, ಎದುರಿಗೆ ಮೂರೋ ನಾಲ್ಕೋ ಸ್ಕ್ರೀನ್. ಹಿಂದೆ ಮುಂದೆ ಕ್ಯಾಮೆರಾ. ಎಸಿ ಇರುತ್ತದೆ, ಕಾಫಿ ಇರುತ್ತದೆ, ಧೂಳಿಲ್ಲ. ನೋಡಿದವರು 'ಇದು ವಿಡಿಯೋ ಗೇಮ್ ಅಲ್ವಾ' ಅಂತಾರೆ. ನಾನೂ ಮೊದಲ ಸಲ ಕೂರುವಾಗ ಹಾಗೇ ಅಂದುಕೊಂಡಿದ್ದೆ. ಯಂತ್ರವನ್ನು ರಾಶಿಗೆ ನುಗ್ಗಿಸಿದೆ. ಸ್ಕ್ರೀನಿನಲ್ಲಿ ಬಕೆಟ್ ಕಲ್ಲಿನೊಳಗೆ ಹೋದ ಹಾಗೇ ಕಂಡಿತು. ಇನ್ನೂ ಸ್ವಲ್ಪ ಒತ್ತಿದೆ. ಪಕ್ಕದಲ್ಲಿ ನಿಂತಿದ್ದ ಹಳೇ ಆಪರೇಟರ್ ಒಬ್ಬರು ನನ್ನ ಕೈಮೇಲೆ ಮೆಲ್ಲಗೆ ಹೊಡೆದರು. 'ಚಕ್ರ ಸುತ್ತಾ ಇದೆ, ಕೇಳಿಸ್ತಿಲ್ವಾ?' ನನಗೆ ಕೇಳಿಸಿರಲಿಲ್ಲ. ಅವರ ಕಿವಿಗೆ ಹೆಡ್‌ಫೋನ್ ಇತ್ತು, ನನಗೆ ಇರಲಿಲ್ಲ. ಯಂತ್ರ ಮುಂದೆ ಹೋಗದೆ, ಚೂಪು ಕಲ್ಲಿನ ಮೇಲೆ ಟೈರನ್ನು ಮಸೆಯುತ್ತಾ ನಿಂತಿತ್ತು. ಲೋಡರಿನ ಟೈರ್ ಅಂದರೆ ಆಳೆತ್ತರದ್ದು, ಗಣಿಯ ಖರ್ಚಿನಲ್ಲಿ ಅದಕ್ಕೇ ಒಂದು ದೊಡ್ಡ ಪಾಲು. ಹಾಗೆ ನಾಲ್ಕು ಸಲ ಸುತ್ತಿಸಿದರೆ ಅದರ ಆಯಸ್ಸು ಮುಗಿಯಿತು.

ಯಂತ್ರದ ಮೇಲೆ ಕೂತಿದ್ದರೆ ಇದು ಸೀಟಿಗೇ ಗೊತ್ತಾಗುತ್ತದೆ. ಬಕೆಟ್ ಕಲ್ಲಿಗೆ ಕಚ್ಚಿದಾಗ ಮುಂದಿನ ಚಕ್ರದ ಮೇಲೆ ಭಾರ ಬೀಳುತ್ತದೆ, ಬೆನ್ನಿಗೆ ತಿಳಿಯುತ್ತದೆ. ಚಕ್ರ ಸುತ್ತತೊಡಗಿದರೆ ಸೊಂಟಕ್ಕೆ ತಿಳಿಯುತ್ತದೆ. ರಾಶಿಯೊಳಗೆ ದೊಡ್ಡ ಬಂಡೆ ಇದ್ದರೆ ಕೈಗೆ ತಿಳಿಯುತ್ತದೆ. ಒಳ್ಳೆ ಡ್ರೈವರ್ ಅನಿಸಿಕೊಂಡವರು ಕಣ್ಣಿಗಿಂತ ಜಾಸ್ತಿ ಮೈಯಿಂದಲೇ ಓಡಿಸುತ್ತಾರೆ. ಕುರ್ಚಿಯಲ್ಲಿ ಇವೆಲ್ಲ ಒಂದೇ ಏಟಿಗೆ ಹೋಗುತ್ತವೆ. ಉಳಿಯುವುದು ಚಪ್ಪಟೆ ಚಿತ್ರ ಒಂದೇ. ಅದರಲ್ಲಿ ಆಳ ಗೊತ್ತಾಗುವುದಿಲ್ಲ. ಗೋಡೆ ಎರಡು ಮೀಟರ್ ದೂರದಲ್ಲಿದೆಯೋ ಅರ್ಧ ಮೀಟರೋ ಅಂತ ಊಹಿಸಬೇಕು. ಹೆಡ್‌ಲೈಟಿನ ಬೆಳಕು ಧೂಳಿಗೆ ಹೊಡೆದು ವಾಪಸ್ ಬಂದರೆ ಸ್ಕ್ರೀನ್ ಪೂರ್ತಿ ಹಾಲು ಚೆಲ್ಲಿದ ಹಾಗೆ.

ಹಾಗಾಗಿ ಅನುಭವಿಗಳು ಕಂಡುಕೊಂಡ ದಾರಿ ಕಿವಿ. ಯಂತ್ರಕ್ಕೆ ಮೈಕ್ ಹಾಕಿಸಿಕೊಳ್ಳುತ್ತಾರೆ. ಇಂಜಿನ್ನಿನ ದನಿ ಇಳಿಯುತ್ತಾ ಬಂದರೆ ಬಕೆಟ್ ತುಂಬುತ್ತಿದೆ ಅಂತ ಅರ್ಥ. ಒಮ್ಮೆಗೇ ಏರಿದರೆ ಚಕ್ರ ಸುತ್ತುತ್ತಿದೆ. ಮೈಕ್ ಇಲ್ಲದ ಕನ್ಸೋಲ್ ಕೊಟ್ಟರೆ ಅಣ್ಣ ಜಗಳ ಮಾಡಿಯಾದರೂ ಹಾಕಿಸಿಕೊಳ್ಳಲಿ. ಈಚಿನ ಯಂತ್ರಗಳಲ್ಲಿ ಬಕೆಟ್ ತುಂಬುವುದಕ್ಕೂ ಒಂದು ಬಟನ್ ಬಂದಿದೆ. ಆಯಿಲ್ ಪ್ರೆಷರ್ ಮತ್ತು ಚಕ್ರದ ವೇಗ ನೋಡಿಕೊಂಡು ಯಂತ್ರ ತಾನೇ ತುಂಬಿಕೊಳ್ಳುತ್ತದೆ. ಪುಡಿಯಾದ ಅದಿರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಂಚದಷ್ಟು ದೊಡ್ಡ ಬಂಡೆ ರಾಶಿಯ ಮಧ್ಯೆ ಕೂತಿದ್ದರೆ ಮಾತ್ರ ಅದರ ಬುದ್ಧಿ ಮುಗಿಯುತ್ತದೆ, ಮನುಷ್ಯನ ಕೈ ಬೇಕಾಗುತ್ತದೆ.

ಇನ್ನು ತಡ. ಜಾಯ್‌ಸ್ಟಿಕ್ ತಿರುಗಿಸಿದ್ದು ಯಂತ್ರಕ್ಕೆ ಮುಟ್ಟಿ, ಅದರ ಪರಿಣಾಮ ಸ್ಕ್ರೀನಿನಲ್ಲಿ ಕಾಣಲು ಸ್ವಲ್ಪ ಹೊತ್ತು ಬೇಕು. ಎಷ್ಟು ದೂರ ಇದ್ದರೆ ಅಷ್ಟು ತಡ ಅಂತ ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 1500 ಕಿಲೋಮೀಟರ್ ಹೋಗಿ ಬರಲು 15 ಮಿಲಿಸೆಕೆಂಡ್ ಸಾಕು. ನಿಜವಾದ ತಡ ಆಗುವುದು ಕ್ಯಾಮೆರಾದಲ್ಲಿ. ಚಿತ್ರ ಹಿಡಿಯಬೇಕು, ಅದನ್ನು ಕುಗ್ಗಿಸಿ ಕಳಿಸಬೇಕು, ವೈಫೈ ಮೇಲೆ ಸಾಲಿನಲ್ಲಿ ಕಾಯಬೇಕು, ಇತ್ತ ಬಿಚ್ಚಿ ಸ್ಕ್ರೀನಿಗೆ ಹಾಕಬೇಕು. ಇವೆಲ್ಲ ಸೇರಿ 200 ಮಿಲಿಸೆಕೆಂಡ್ ಆಗುವುದು ದೊಡ್ಡ ಮಾತೇನಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವ ಲೋಡರ್ ಅಷ್ಟರಲ್ಲಿ ಒಂದು ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಅಂದರೆ ನೀವು ನೋಡುತ್ತಿರುವ ಯಂತ್ರ ಅಲ್ಲಿಲ್ಲ, ಆಗಲೇ ಮುಂದಿದೆ. ಮೂರು ಮೀಟರ್ ಅಗಲದ ಯಂತ್ರವನ್ನು ಐದು ಮೀಟರ್ ಅಗಲದ ಸುರಂಗದಲ್ಲಿ ಹಾಗೆ ಓಡಿಸಿದರೆ ಎರಡೂ ಕಡೆ ಗೋಡೆ ಸವರಿಕೊಂಡೇ ಹೋಗಬೇಕು.

ಒಂದೇ ಸಮ ಇರುವ ತಡಕ್ಕೆ ಮನುಷ್ಯ ಒಗ್ಗಿಕೊಳ್ಳುತ್ತಾನೆ, ಎರಡು ದಿನದಲ್ಲಿ ಕೈ ಪಳಗುತ್ತದೆ. ಒಮ್ಮೆ 100, ಮರುಕ್ಷಣ 400 ಅಂತ ಕುಣಿಯುವ ತಡಕ್ಕೆ ಯಾರೂ ಒಗ್ಗುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಸ್ಟೀರಿಂಗ್ ತಿರುಗಿಸಿ, ಏನೂ ಆಗಲಿಲ್ಲ ಅಂತ ಇನ್ನಷ್ಟು ತಿರುಗಿಸಿ, ಎರಡೂ ಒಟ್ಟಿಗೆ ಮುಟ್ಟಿದಾಗ ಗಾಬರಿಯಾಗಿ ಉಲ್ಟಾ ತಿರುಗಿಸುವುದು. ಈ ಕುಣಿತಕ್ಕೆ ಮುಖ್ಯ ಕಾರಣ ಗಣಿಯ ನೆಟ್‌ವರ್ಕ್. ರೇಡಿಯೋ ಅಲೆ ಬಂಡೆಯ ಮೂಲೆ ತಿರುಗಿ ಹೋಗುವುದಿಲ್ಲ. ಹಾಗಾಗಿ ಪ್ರತಿ ತಿರುವಿಗೂ ಒಂದು ಆಂಟೆನಾ ಬೇಕು. ಯಂತ್ರ ಒಂದು ಆಂಟೆನಾ ಬಿಟ್ಟು ಇನ್ನೊಂದನ್ನು ಹಿಡಿಯುವ ಗಳಿಗೆಯಲ್ಲೇ ಚಿತ್ರ ಹೆಪ್ಪುಗಟ್ಟಿ ನಿಲ್ಲುವುದು. ಮೊಬೈಲ್ ಫೋನಿನ ತಂತ್ರಜ್ಞಾನವಾದ ಎಲ್‌ಟಿಇ ಮತ್ತು 5ಜಿ ಗಣಿಗಳಿಗೆ ಬರುತ್ತಿರುವುದು ವೇಗಕ್ಕಿಂತ ಹೆಚ್ಚಾಗಿ ಈ ಕೈ ಬದಲಾವಣೆ ನಯವಾಗಿ ಆಗಲಿ ಅಂತಲೇ. ಗಣಿಯಲ್ಲಿ ಆಂಟೆನಾ ಕೂಡ ಶಾಶ್ವತ ಅಲ್ಲ. ಇವತ್ತು ಗೋಡೆಗೆ ಹಾಕಿದ್ದು ನಾಳೆ ಬ್ಲಾಸ್ಟಿನ ಕಲ್ಲಿಗೆ ಸಿಕ್ಕಿ ಪುಡಿ.

ಈ ತಡದ ಕಾಟಕ್ಕೆ ಗಣಿಗಳು ಕಂಡುಕೊಂಡ ಉಪಾಯ ಸರಳವಾಗಿದೆ. ದಾರಿಯಲ್ಲಿ ಹೋಗಿ ಬರುವುದನ್ನು ಯಂತ್ರಕ್ಕೇ ಬಿಟ್ಟುಬಿಡುವುದು. ಯಂತ್ರದ ಮೂತಿಯಲ್ಲಿ, ಬಾಲದಲ್ಲಿ ಲೇಸರ್ ಸ್ಕ್ಯಾನರ್ ಇರುತ್ತದೆ. ಅದು ಎರಡೂ ಬದಿಯ ಗೋಡೆ ಎಷ್ಟು ದೂರ ಅಂತ ಅಳೆಯುತ್ತಲೇ ಇರುತ್ತದೆ. ಮೊದಲ ದಿನ ಮನುಷ್ಯ ಒಂದು ಸಲ ದಾರಿಯನ್ನು ಓಡಿಸಿ ತೋರಿಸುತ್ತಾನೆ. ಆ ಗೋಡೆಗಳ ಉಬ್ಬು ತಗ್ಗು ಯಂತ್ರದ ನೆನಪಿಗೆ ಹೋಗುತ್ತದೆ. ಆಮೇಲೆ ಕತ್ತಲೆಯಲ್ಲೂ, ಜಿಪಿಎಸ್ ಇಲ್ಲದೆಯೂ, ಆ ಉಬ್ಬು ತಗ್ಗುಗಳನ್ನೇ ಗುರುತು ಹಿಡಿದು ಓಡುತ್ತದೆ. ಈ ಯಂತ್ರಗಳಿಗೆ ನಡುವಿನಲ್ಲಿ ಒಂದು ಕೀಲಿರುತ್ತದೆ. ತಿರುವಿನಲ್ಲಿ ಮೈಯನ್ನೇ ಮುರಿದುಕೊಂಡು ತಿರುಗುತ್ತವೆ. ಆ ಕೀಲು ಎಷ್ಟು ಡಿಗ್ರಿ ಮಡಚಿದೆ ಅನ್ನುವ ಲೆಕ್ಕವೂ ಇದಕ್ಕೆ ಸೇರುತ್ತದೆ. ಅಣ್ಣನ ಕೆಲಸ ಈಗ ರಾಶಿಯ ತುದಿಯಲ್ಲಿ ಮಾತ್ರ. ರಾಶಿಯ ಹತ್ತಿರ ಬಂದಾಗ ಕೈಗೆ ತೆಗೆದುಕೊಂಡು ಬಕೆಟ್ ತುಂಬುವುದು, ಬಟನ್ ಒತ್ತಿ ಕಳಿಸುವುದು. ಅದು ಹೋಗಿ ಸುರಿದು ಬರುವಷ್ಟರಲ್ಲಿ ಇನ್ನೊಂದು ಯಂತ್ರದ ಬಕೆಟ್ ತುಂಬುವುದು. ಒಬ್ಬರಿಗೆ ಎರಡು ಮೂರು ಯಂತ್ರ ಕೊಡುವುದು ಹೀಗೆ.

ಕಂಪನಿಗಳಿಗೆ ಇದರಲ್ಲಿ ಸಿಗುವ ನಿಜವಾದ ಲಾಭ ಸಂಬಳ ಉಳಿತಾಯ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡದು ಸಮಯ. ಶಿಫ್ಟ್ ಮುಗಿಯುವಾಗ ಬ್ಲಾಸ್ಟ್ ಆಗುತ್ತದೆ. ವಿಷದ ಹೊಗೆ ಹೊರಗೆ ಹೋಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಆಮೇಲೆ ಹೊಸ ಶಿಫ್ಟಿನವರು ಬಟ್ಟೆ ಹಾಕಿ, ಲಿಫ್ಟಿನಲ್ಲಿ ಇಳಿದು, ಗಾಡಿಯಲ್ಲಿ ಸುರಂಗದ ತುದಿಗೆ ಹೋಗಿ ಯಂತ್ರ ಹತ್ತಬೇಕು. ದಿನಕ್ಕೆ ಎರಡು ಮೂರು ಸಲ ಹೀಗೆ ಗಂಟೆಗಟ್ಟಲೆ ಯಂತ್ರಗಳು ಸುಮ್ನೆ ನಿಂತಿರುತ್ತವೆ. ಲೋಡರಿಗೆ ಮೂಗಿಲ್ಲ, ಊಟದ ಹೊತ್ತಿಲ್ಲ. ಹೊಗೆಯ ನಡುವೆಯೇ ಅದು ಬಾಚಿ ತರುತ್ತಿರುತ್ತದೆ.

ನೆಲದ ಮೇಲಿನ ಗಣಿಗಳದು ಬೇರೆಯೇ ಲೋಕ, ಅಲ್ಲಿ ಆಕಾಶ ಕಾಣುವುದರಿಂದ ಜಿಪಿಎಸ್ ಸಿಗುತ್ತದೆ, ಕೆಲಸ ಎಷ್ಟೋ ಸುಲಭ. ಚಿಲಿಯ ಗೇಬ್ರಿಯೆಲಾ ಮಿಸ್ಟ್ರಾಲ್ ತಾಮ್ರದ ಗಣಿಯಲ್ಲಿ 2008ರಿಂದಲೇ ಡ್ರೈವರ್ ಇಲ್ಲದ ಟ್ರಕ್ಕುಗಳಿವೆ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ರಿಯೋ ಟಿಂಟೋ ಕಂಪನಿಯ ಗಣಿಗಳನ್ನು ಸುಮಾರು 1500 ಕಿಲೋಮೀಟರ್ ದೂರದ ಪರ್ತ್ ನಗರದ ಒಂದು ಕೇಂದ್ರದಿಂದ ನೋಡಿಕೊಳ್ಳುತ್ತಾರೆ. 2018ರ ಜುಲೈ 10ರಂದು ಅಲ್ಲಿ ಸುಮಾರು 28,000 ಟನ್ ಅದಿರು ಹೊತ್ತ ರೈಲು ಡ್ರೈವರ್ ಇಲ್ಲದೆ 280 ಕಿಲೋಮೀಟರ್ ಓಡಿ ಬಂದರು ಮುಟ್ಟಿತು. ಪತ್ರಿಕೆಗಳಲ್ಲಿ ಇದನ್ನೇ ತೋರಿಸುತ್ತಾರೆ, ದೊಡ್ಡ ಟ್ರಕ್ಕಿನ ಫೋಟೋ ಚೆನ್ನಾಗಿ ಬರುತ್ತದಲ್ಲ. ನನಗೆ ಮಾತ್ರ ಕತ್ತಲೆ ಸುರಂಗದಲ್ಲಿ ಕೆಸರು ಮೆತ್ತಿದ ಕ್ಯಾಮೆರಾ ಇಟ್ಟುಕೊಂಡು ಹದಿನೇಳು ಟನ್ ಬಕೆಟ್ ತುಂಬುವುದೇ ದೊಡ್ಡ ಕೆಲಸ ಅನಿಸುತ್ತದೆ.

ಈಗ ಮೊದಲು ಬಾಕಿ ಇಟ್ಟ ಮಾತು. ಯಂತ್ರ ಸ್ಟೋಪಿನ ಒಳಗೆ ನಿಂತುಬಿಟ್ಟಿತು. ಸಿಗ್ನಲ್ ಬಂದಿಲ್ಲ, ಅಥವಾ ಆಯಿಲ್ ಪೈಪ್ ಒಡೆದಿದೆ. ಸ್ಪ್ರಿಂಗ್ ಬ್ರೇಕ್ ನಾಲ್ಕೂ ಚಕ್ರ ಕಚ್ಚಿ ಹಿಡಿದಿದೆ. ಇಷ್ಟು ಹೊತ್ತು ಕಾಪಾಡಿದ ಅದೇ ಬ್ರೇಕ್ ಈಗ ಶತ್ರು. ಯಂತ್ರ ಎಳೆದರೂ ಬರುವುದಿಲ್ಲ. ಮೇಲೆ ಸಡಿಲ ಬಂಡೆ. ಕೋಟಿಗಟ್ಟಲೆ ಬೆಲೆಯ ಯಂತ್ರ, ಶಿಫ್ಟ್ ಬಾಸ್ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ, ಕೇಬಲ್ ಜೋಡಿಸಿ ಬರಲು ಎರಡೇ ನಿಮಿಷ ಸಾಕು ಅಂತ ಯಾರೋ ಹೇಳುತ್ತಾರೆ. ರಿಮೋಟ್ ಗಣಿಯ ಅತಿ ಅಪಾಯದ ಗಳಿಗೆ ಯಾವುದು ಅಂದರೆ ಇದು. ದಿನವಿಡೀ ಮನುಷ್ಯನನ್ನು ದೂರ ಇಟ್ಟು, ಕೆಟ್ಟ ದಿನ ಅವನನ್ನೇ ಅತಿ ಕೆಟ್ಟ ಜಾಗಕ್ಕೆ ಕಳಿಸುವುದು. ನಾನು ಒಂದು ಗಣಿಯಲ್ಲಿ ಇಂಥ ವಾದದ ಮಧ್ಯೆ ನಿಂತಿದ್ದೇನೆ. ಆವತ್ತು ಫೋರ್‌ಮನ್ ಒಬ್ಬರು ಯಾರನ್ನೂ ಬಿಡಲಿಲ್ಲ. ಇನ್ನೊಂದು ರಿಮೋಟ್ ಲೋಡರ್ ತರಿಸಿ, ಅದರ ಬಕೆಟ್ಟಿಗೆ ಒಂದು ಕೊಕ್ಕೆ ವೆಲ್ಡ್ ಮಾಡಿಸಿ, ಕ್ಯಾಮೆರಾ ನೋಡಿಕೊಂಡೇ ಮೊದಲ ಯಂತ್ರದ ಹಿಂಭಾಗದ ಬಳೆಗೆ ಸಿಕ್ಕಿಸಿದರು. ಆ ಬಳೆಯನ್ನು ಎಳೆದರೆ ಬ್ರೇಕ್ ಬಿಡಿಸುವ ಪುಟ್ಟ ಪಂಪ್ ಕೆಲಸ ಮಾಡುವ ಹಾಗೆ ಆ ಯಂತ್ರದಲ್ಲಿ ಮೊದಲೇ ವ್ಯವಸ್ಥೆ ಇತ್ತು. ಕೊಕ್ಕೆ ಸಿಕ್ಕಲು ನಾಲ್ಕು ಗಂಟೆ ಹಿಡಿಯಿತು. ಯಂತ್ರ ಹೊರಗೆ ಬಂದಾಗ ಅದರ ಮೇಲಿದ್ದ ಕಲ್ಲು ನೋಡಿ ಯಾರೂ ಮಾತಾಡಲಿಲ್ಲ.

ಯಂತ್ರವನ್ನು ತಡೆಯುವುದು ಬಂಡೆಗಿಂತ ಹೆಚ್ಚಾಗಿ ಕೆಸರು ಮತ್ತು ನೀರು ಅಂತ ನನ್ನ ನಂಬಿಕೆ. 2006ರ ಜನವರಿಯಲ್ಲಿ ಅಮೆರಿಕದ ಸಾಗೋ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾದಾಗ ಜನರನ್ನು ಹುಡುಕಲು ರೋಬಾಟ್ ಕಳಿಸಿದ್ದರು. ಸುಮಾರು 800 ಮೀಟರ್ ಹೋಗಿ ಕೆಸರಿನಲ್ಲಿ ಹೂತುಕೊಂಡಿತು. 2010ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ಪೈಕ್ ರಿವರ್ ಗಣಿಯಲ್ಲಿ 29 ಜನ ಸತ್ತ ಸ್ಫೋಟದ ನಂತರ ಸೈನ್ಯದ ರೋಬಾಟನ್ನು ಒಳಗೆ ಬಿಟ್ಟರು. ಮೇಲಿನಿಂದ ಸುರಿದ ನೀರಿಗೆ ಅದು ಶಾರ್ಟ್ ಆಗಿ ನಿಂತುಹೋಯಿತು. ಎರಡೂ ಒಳ್ಳೆ ಯಂತ್ರಗಳೇ, ಆದರೆ ಗಣಿಯ ನೀರಿಗಾಗಿ ಮಾಡಿದ್ದಲ್ಲ. ಗಣಿಗೆ ಹೊಸ ರೋಬಾಟ್ ತಂದು ತೋರಿಸುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಲೆನ್ಸ್ ಒರೆಸುವವರು ಯಾರು ಅಂತ. ನಗುತ್ತಾರೆ. ಎರಡನೇ ದಿನ ನಗು ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಬ್ರೆಜಿಲ್ಲಿನ ಬ್ರುಮಾಡಿನೊದಲ್ಲಿ 2019ರ ಜನವರಿ 25ರಂದು ಗಣಿ ತ್ಯಾಜ್ಯದ ಅಣೆಕಟ್ಟೆ ಒಡೆದು 270 ಜನ ಸತ್ತರು. ಅಂಥದೇ ಇನ್ನೊಂದಿಷ್ಟು ಕಟ್ಟೆಗಳನ್ನು ಬಿಚ್ಚಿ ತೆಗೆಯಬೇಕಿತ್ತು, ಆದರೆ ಅವುಗಳ ಮೇಲೆ ಮನುಷ್ಯನನ್ನು ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕೆಲವು ಕಡೆ ಎಕ್ಸ್‌ಕವೇಟರ್, ಬುಲ್ಡೋಜರ್, ಟ್ರಕ್ಕುಗಳನ್ನೆಲ್ಲ ದೂರದ ಕೋಣೆಯಿಂದಲೇ ಓಡಿಸಿ ಆ ಕೆಲಸ ಮಾಡಿದರು. ಯಂತ್ರ ಹೋದರೆ ಹೋಗಲಿ ಅಂತ ತೀರ್ಮಾನ ಮಾಡಿಕೊಂಡೇ ಇಳಿದಿದ್ದರು. ಆ ತೀರ್ಮಾನ ಮೊದಲೇ ಆಗಿರಬೇಕು.

ಹಾಗೇ ಕಿರುನಾದಲ್ಲಿ 2020ರ ಮೇ 18ರ ನಡುರಾತ್ರಿ ನಂತರ ನೆಲದೊಳಗೆ 4.9 ತೀವ್ರತೆಯ ಕಂಪನವಾಗಿ ಸುರಂಗಗಳು ಜಖಂ ಆದವು. ಯಾರಿಗೂ ಗಾಯವಾಗಲಿಲ್ಲ. ಆಳಕ್ಕೆ ಹೋದಷ್ಟೂ ಬಂಡೆ ಹೀಗೆ ಹೇಳದೆ ಕೇಳದೆ ಸಿಡಿಯುತ್ತದೆ. ಒಳಗೆ ಎಷ್ಟು ಕಡಿಮೆ ಜನ ಇದ್ದರೆ ಅಷ್ಟು ಒಳ್ಳೆಯದು ಅನ್ನುವುದಕ್ಕೆ ಇದಕ್ಕಿಂತ ಬೇರೆ ವಾದ ಬೇಕಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಸದ್ಯಕ್ಕೆ ನಿಲ್ಲುವುದಿಲ್ಲ. ಬಾಚುವುದು, ಸಾಗಿಸುವುದು, ಉದ್ದ ರಂಧ್ರ ಕೊರೆಯುವುದು, ಬಂಡೆ ಒಡೆಯುವುದು, ಇವು ಒಂದೇ ಥರ ಮತ್ತೆ ಮತ್ತೆ ಮಾಡುವ ಕೆಲಸ, ರಿಮೋಟಿಗೆ ಒಗ್ಗಿವೆ. ಸ್ಟೋಪಿನ ಒಳಗೆ ಎಷ್ಟು ಉಳಿದಿದೆ ಅಂತ ಅಳೆಯಲು ಲೇಸರ್ ಹೊತ್ತ ಡ್ರೋನ್ ಬಂದಿದೆ, ಮೊದಲು ಸರ್ವೇಯರ್ ಅಂಚಿಗೆ ಹೋಗಿ ಕೋಲು ಚಾಚುತ್ತಿದ್ದರು. ಆದರೆ ಕೊರೆದ ರಂಧ್ರಕ್ಕೆ ಮದ್ದು ತುಂಬಿ ಡಿಟೊನೇಟರ್ ಕೂರಿಸುವುದು ಈಗಲೂ ಬಹುಪಾಲು ಮನುಷ್ಯನ ಬೆರಳುಗಳ ಕೆಲಸ. ನೀರಿನ ಪೈಪು, ಗಾಳಿಯ ಪೈಪು, ಕೇಬಲ್ಲು ಎಳೆಯುವವರು ಬೇಕು. ಯಂತ್ರ ರಿಪೇರಿ ಮಾಡುವವರು ಮೊದಲಿಗಿಂತ ಜಾಸ್ತಿಯೇ ಬೇಕು, ಸೆನ್ಸಾರ್ ಹೆಚ್ಚಿದಷ್ಟೂ ಕೆಡುವ ಸಾಮಾನೂ ಹೆಚ್ಚು. ಇವರೆಲ್ಲ ಅದೇ ಗಣಿಯಲ್ಲಿ ಇರುತ್ತಾರೆ, ಡ್ರೈವರ್ ಇಲ್ಲದ ಯಂತ್ರಗಳೂ ಅಲ್ಲೇ ಓಡುತ್ತವೆ. ಅವುಗಳ ನಡುವೆ ಗೇಟ್ ಇರುತ್ತದೆ. ಲೇಸರ್ ಕಿರಣದ ಗೇಟ್, ಯಾರಾದರೂ ದಾಟಿದರೆ ಆ ವಲಯದ ಎಲ್ಲ ಯಂತ್ರಗಳೂ ಗಕ್ಕನೆ ನಿಲ್ಲುತ್ತವೆ. ಒಳ್ಳೆ ವ್ಯವಸ್ಥೆ. ಆದರೆ ದಿನಕ್ಕೆ ಹತ್ತು ಸಲ ಸುಮ್ಮಸುಮ್ಮನೆ ನಿಂತರೆ ಯಾರಾದರೂ ಅದನ್ನು ಬೈಪಾಸ್ ಮಾಡುವ ದಾರಿ ಹುಡುಕುತ್ತಾರೆ. ಆ ಗೇಟಿನ ಬೀಗದ ಕೀ ಯಾರ ಜೇಬಿನಲ್ಲಿದೆ ಅಂತ ನೋಡಿದರೆ ಆ ಗಣಿಯ ಸುರಕ್ಷತೆ ಎಂಥದು ಅಂತ ಹೇಳಿಬಿಡಬಹುದು.

ಅಣ್ಣನ ವಿಷಯಕ್ಕೆ ಬರೋಣ. ಹೋಗಲಿ ಅಂತಲೇ ನನ್ನ ಸಲಹೆ. ಧೂಳು, ಡೀಸೆಲ್ ಹೊಗೆ, ಸೊಂಟ ಮುರಿಯುವ ಕುಲುಕಾಟ ಹನ್ನೊಂದು ವರ್ಷ ಸಾಕು. ಗೇಮ್ ಆಡಿ ಬೆಳೆದ ಹುಡುಗರು ಜಾಯ್‌ಸ್ಟಿಕ್ಕನ್ನು ಒಂದು ವಾರದಲ್ಲಿ ಕಲಿಯುತ್ತಾರೆ, ಅಣ್ಣನಿಗೆ ಒಂದು ತಿಂಗಳು ಹಿಡಿಯಬಹುದು. ಅದಕ್ಕೆ ಕುಗ್ಗಬಾರದು. ರಾಶಿ ಯಾವ ಕಡೆಯಿಂದ ಜಾರುತ್ತದೆ, ಎಲ್ಲಿ ಬಕೆಟ್ ಹಾಕಿದರೆ ಮೇಲಿನದು ಕುಸಿಯುತ್ತದೆ ಅಂತ ಸ್ಕ್ರೀನ್ ನೋಡಿಯೇ ಹೇಳುವುದು ಆ ಹುಡುಗರಿಗೆ ಬರುವುದಿಲ್ಲ. ಅದು ಯಂತ್ರದ ಮೇಲೆ ಕೂತು ಕಲಿತದ್ದು.

ಅವರಿಗೆ ಹೊಸದಾಗಿ ಕಾಡುವುದು ಬೇಸರ. ಯಂತ್ರ ತಾನೇ ಓಡುವಾಗ ಕೈಕಟ್ಟಿ ನೋಡುತ್ತಾ ಕೂರುವುದು ಓಡಿಸುವುದಕ್ಕಿಂತ ಕಷ್ಟ. ಮೂರನೇ ಗಂಟೆಗೆ ಕಣ್ಣು ತೆರೆದಿರುತ್ತದೆ, ನೋಡುತ್ತಿರುವುದಿಲ್ಲ. ಅದೇ ಹೊತ್ತಿಗೆ ಯಂತ್ರ 'ಬಾ, ನನಗೆ ತಿಳಿಯುತ್ತಿಲ್ಲ' ಅಂತ ಕರೆಯುತ್ತದೆ. ಎರಡು ಗಂಟೆಗೊಮ್ಮೆ ಎದ್ದು ಓಡಾಡುವ ಬಿಡುವು ಕೇಳಿಕೊಳ್ಳಲಿ. ಮೂರು ಯಂತ್ರ ಒಟ್ಟಿಗೆ ಕೊಟ್ಟರೆ ಮೊದಲ ಆರು ತಿಂಗಳು ಒಪ್ಪದಿರಲಿ. ಇನ್ನೊಂದು, ಕುರ್ಚಿಗೆ ಹೋದ ಮೇಲೂ ವಾರಕ್ಕೊಮ್ಮೆಯಾದರೂ ಕೆಳಗೆ ಇಳಿದು ಆ ಸುರಂಗಗಳಲ್ಲಿ ನಡೆದಾಡಿ ಬರಲಿ. ಎಲ್ಲಿ ನೀರು ಜಿನುಗುತ್ತಿದೆ, ಎಲ್ಲಿ ದಾರಿ ಗುಂಡಿ ಬಿದ್ದಿದೆ ಅಂತ ಕಾಲಿಗೆ ಗೊತ್ತಿದ್ದರೆ ಸ್ಕ್ರೀನಿನ ಚಪ್ಪಟೆ ಚಿತ್ರ ಬೇರೆಯೇ ಕಾಣುತ್ತದೆ.

ಕುರ್ಚಿಯಲ್ಲಿ ಕೂರುವ ಮೊದಲ ದಿನವೇ ಸೂಪರ್‌ವೈಸರ್ ಹತ್ತಿರ ಒಂದು ಮಾತು ಕೇಳಲು ಹೇಳಿ: 'ಸಾರ್, ಇದು ಸ್ಟೋಪಿನೊಳಗೆ ನಿಂತರೆ ಹೊರಗೆ ಎಳೆಯುವ ಸಾಮಾನು ಎಲ್ಲಿದೆ, ಒಂದ್ಸಲ ತೋರಿಸಿ.' ಕರೆದುಕೊಂಡು ಹೋಗಿ ಕೊಕ್ಕೆ, ಬಳೆ, ಎಳೆಯುವ ಇನ್ನೊಂದು ಯಂತ್ರ ತೋರಿಸಿದರೆ ನಿಶ್ಚಿಂತೆಯಿಂದ ಕೂರಬಹುದು. 'ಆವಾಗ ನೋಡ್ಕೊಳ್ಳೋಣ' ಅಂದರೆ, ಆ ಯಂತ್ರವನ್ನು ಸುರಂಗದ ಬಾಯಿ ದಾಟಿಸಬೇಡಿ ಅಂತ ಅಣ್ಣನಿಗೆ ಹೇಳಿ.